ಅಬಿಗೇಲಳ ಬಲಗೆನ್ನೆಯ ಮಚ್ಚೆ

ಆ ಮಗು ನಮ್ಮ ಸ್ಟುಡಿಯೋಗೆ ಬಂದ ದಿನ ಡಲ್ಲಾಸ್ ಪಕ್ಕದ ರಿಚರ್ಡ್‌ಸನ್ನಿನಲ್ಲಿ ಕಾರಿನ ಸ್ಟೀರಿಂಗ್ ಮುಟ್ಟಲಾಗದಷ್ಟು ಬಿಸಿಲು. ಮಗುವಿಗೆ ಮಾತ್ರ ಅದರ ಪರಿವೆ ಇರಲಿಲ್ಲ. ಕೆಂಪು ಫ್ರಾಕು ತೊಟ್ಟು, ಕುತ್ತಿಗೆಗೆ ಹವಳದ ಸರ ಹಾಕಿಕೊಂಡು, ಒಂದು ಕಾಲಿಗೆ ಬೂಟು ಧರಿಸಿ, ಇನ್ನೊಂದು ಬೂಟನ್ನು ಕೈಯಲ್ಲಿ ಹಿಡಿದು, ಸುಮಾರು ನೂರೆಂಬತ್ತು ವರ್ಷಗಳಿಂದ ಅದು ಹಾಗೇ ನಿಂತಿತ್ತು. ಪಕ್ಕದಲ್ಲಿ ಒಂದು ಬೆಕ್ಕು. ಬೆಕ್ಕಿನ ಮುಖ ಅರ್ಜಿ ತಿರಸ್ಕರಿಸುವ ತಹಸೀಲ್ದಾರರ ಮುಖದಂತಿತ್ತು.

ನನ್ನ ಕೆಲಸ ಹಳೆಯ ತೈಲಚಿತ್ರಗಳ ಆರೋಗ್ಯ ತಪಾಸಣೆ ಮತ್ತು ಶುಶ್ರೂಷೆ. ಈ ಬಗೆಯ ಮಕ್ಕಳ ಚಿತ್ರಗಳು ಅಮೆರಿಕದ ಹಳೆಯ ಮನೆಗಳಿಂದ ಆಗಾಗ ಬರುತ್ತವೆ. ಇವನ್ನು ಬರೆದವರು ಊರೂರು ತಿರುಗುತ್ತಿದ್ದ ಕಲಾವಿದರು. ಬೆಳಿಗ್ಗೆ ಹೋಟೆಲಿನ ಬೋರ್ಡು, ಮಧ್ಯಾಹ್ನ ಸಾರೋಟಿನ ಬಾಗಿಲು, ಸಂಜೆ ಮನೆಯೊಡೆಯನ ಮಗು ಎಂಬಂತೆ ಎಲ್ಲದಕ್ಕೂ ಬಣ್ಣ ಹಚ್ಚಿದವರು. ಶರೀರಶಾಸ್ತ್ರದ ಗಾಳಿ ಅವರಿಗೆ ಸೋಕಿರಲಿಲ್ಲ. ಕೈಗಳು ಲಟ್ಟಿಸಿ ಮರೆತ ಚಪಾತಿಯಂತೆ, ಪಾದಗಳು ನೆಲ ಮುಟ್ಟದೆ ತೂಗಾಡುತ್ತವೆ. ಆದರೆ ಮುಖಕ್ಕೆ ಬಂದಾಗ ಅದೇ ಕುಂಚ ಉಸಿರು ಬಿಗಿಹಿಡಿದು ಕೆಲಸ ಮಾಡಿರುತ್ತದೆ. ಆ ನೋಟದ ಮುಂದೆ ನಿಂತರೆ ನಾನು ಶರ್ಟಿನ ಕಾಲರ್ ಸರಿಮಾಡಿಕೊಳ್ಳುತ್ತೇನೆ. ಈ ಅಭ್ಯಾಸವನ್ನು ಯಾರಿಗೂ ಹೇಳಿಲ್ಲ.

ಚಿತ್ರದ ಒಡತಿ ಹ್ಯೂಸ್ಟನ್ನಿನ ಕ್ಲಿಯರ್ ಲೇಕ್ ಕಡೆಯವರು. ಬಾಹ್ಯಾಕಾಶ ಕೇಂದ್ರದಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತರಾದವರು, ಎಂಬತ್ತು ದಾಟಿತ್ತು, ಒಂಟಿ. ಚಿತ್ರವನ್ನು ಆಸ್ಟಿನ್ನಿನ ಒಂದು ಮ್ಯೂಸಿಯಮ್ಮಿಗೆ ದಾನ ಕೊಡುವವರಿದ್ದರು. ಅವರದು ಒಂದೇ ಕೋರಿಕೆ. ಗೋಡೆಯ ಮೇಲಿನ ಚೀಟಿಯಲ್ಲಿ ಮಗುವಿನ ಹೆಸರಿರಬೇಕು: ಅಬಿಗೇಲ್, ತಮ್ಮ ಮುತ್ತಜ್ಜಿ. ಇಂಥ ಚಿತ್ರಗಳಲ್ಲಿ ಬಹುಪಾಲು ‘ಕೆಂಪು ಫ್ರಾಕಿನ ಮಗು’, ‘ಬೆಕ್ಕಿನೊಡನೆ ಮಗು’ ಎಂದು ಅನಾಥವಾಗಿ ತೂಗುತ್ತಿರುತ್ತವೆ. ಪುರಾವೆ ಇಲ್ಲದೆ ಮ್ಯೂಸಿಯಮ್ಮಿನವರು ಹೆಸರು ಹಾಕುವುದಿಲ್ಲ. ಒಡತಿ ಚಿತ್ರದ ಜೊತೆ ನಮಗೆ ಬರೆದ ಚೀಟಿಯಲ್ಲಿ ಇದ್ದದ್ದು ಎರಡೇ ವಾಕ್ಯ: ‘ನಾನು ಹೋದ ಮೇಲೆ ಅವಳ ಹೆಸರು ಹೇಳುವವರು ಈ ಭೂಮಿಯ ಮೇಲೆ ಯಾರೂ ಇಲ್ಲ. ದಯವಿಟ್ಟು ಸರಿಯಾಗಿ ನೋಡಿ.’

ಸರಿಯಾಗಿ ನೋಡಿದೆವು. ನಮ್ಮಲ್ಲಿ ಪದ್ಧತಿಯೆಂದರೆ ಪದ್ಧತಿ. ಚಿತ್ರವನ್ನು ಮನಸ್ಸಿನಲ್ಲೇ ಹದಿನಾರು ಚೌಕಗಳಾಗಿ ಭಾಗಮಾಡಿ, ಒಂದೊಂದನ್ನೂ ಮಾಮೂಲಿ ಬೆಳಕಿನಲ್ಲಿ, ಓರೆಬೆಳಕಿನಲ್ಲಿ, ನೇರಳಾತೀತ ದೀಪದಡಿ ನೋಡಿ, ಕಂಡ ಬಿರುಕು, ಕಲೆ, ತೇಪೆಗಳನ್ನೆಲ್ಲ ಬರೆಯಬೇಕು. ಒಬ್ಬರು ನೋಡಿದ್ದನ್ನು ಇನ್ನೊಬ್ಬರು ನೋಡಿ ಇಬ್ಬರೂ ಸಹಿ ಹಾಕಬೇಕು. ನನ್ನ ಜೊತೆ ಸಹಿ ಹಾಕುವವರು ಧಾರವಾಡದ ಒಬ್ಬ ಹೆಣ್ಣುಮಗಳು. ಇಲ್ಲೇ ಪಕ್ಕದ ಒಂದು ಟೆಲಿಕಾಂ ಕಂಪನಿಯಲ್ಲಿದ್ದವರು, ಕೆಲಸ ಹೋದ ಮೇಲೆ ಕ್ಯಾಮೆರಾ ವಿದ್ಯೆ ಕಲಿತು ನಮ್ಮ ಸ್ಟುಡಿಯೋದ ಛಾಯಾಗ್ರಾಹಕಿಯಾದರು. ಅವರ ಕಣ್ಣಿಗೆ ಕೂದಲೆಳೆಯಷ್ಟು ಬಿರುಕೂ ತಪ್ಪುವುದಿಲ್ಲ. ಬೆಕ್ಕಿನ ಮೀಸೆಯ ಬಳಿ ಇದ್ದ ಸಾಸಿವೆ ಕಾಳಿನಷ್ಟು ನೊಣದ ಹಿಕ್ಕೆಯನ್ನು ಅವರು ಪತ್ತೆ ಹಚ್ಚಿದರು. ನಾನದನ್ನು ಗಂಭೀರವಾಗಿ ದಾಖಲಿಸಿದೆ. ಒಂಬತ್ತು ಪುಟದ ವರದಿ ಆಸ್ಟಿನ್ನಿಗೆ ಹೋಯಿತು.

ನಾಲ್ಕನೆಯ ದಿನ ಮ್ಯೂಸಿಯಮ್ಮಿನ ಕ್ಯುರೇಟರ್ ಫೋನ್ ಮಾಡಿದರು. ವಿನಯಶೀಲ ಮಹಿಳೆ. ಆ ವಿನಯ ಕೇಳಿಯೇ ನಾನು ವರದಿಯ ಪ್ರತಿ ತೆರೆದಿಟ್ಟುಕೊಂಡೆ.

“ನಿಮ್ಮ ವರದಿ ಬಹಳ ಚೆನ್ನಾಗಿದೆ. ಬೆಕ್ಕಿನ ಭಾಗವಂತೂ ಅದ್ಭುತ. ಒಂದೇ ಒಂದು ಪ್ರಶ್ನೆ. ದಾನಿಯವರು ತಮ್ಮ ಪತ್ರದಲ್ಲಿ, ಮಗುವಿನ ಬಲಗೆನ್ನೆಯ ಮೇಲೆ ಮಚ್ಚೆ ಇದೆ, ಅದೇ ಮಚ್ಚೆ ಮುತ್ತಜ್ಜಿಯ ಹಳೇ ಫೋಟೋದಲ್ಲೂ ಇದೆ, ಅದೇ ನನ್ನ ಮುಖ್ಯ ಪುರಾವೆ ಅಂತ ಬರೆದಿದ್ದಾರೆ. ನಿಮ್ಮ ವರದಿಯಲ್ಲಿ ಕೆನ್ನೆ ನಿರ್ಮಲ ಅಂತಿದೆ. ಇಬ್ಬರಲ್ಲಿ ಯಾರೋ ಒಬ್ಬರು ತಪ್ಪು.”

ಫೋನಿಟ್ಟು ಚಿತ್ರದ ಮುಂದೆ ಹೋಗಿ ನಿಂತೆ. ಮಗುವಿನ ಬಲಗೆನ್ನೆಯ ನಟ್ಟನಡುವೆ, ಮೆಣಸಿನ ಕಾಳಿನಷ್ಟು ದಪ್ಪ, ಕಡುಗಪ್ಪು ಚುಕ್ಕೆ. ಕೋಣೆಯ ಆ ತುದಿಯಿಂದಲೂ ಕಾಣುವಂಥದ್ದು. ಸಹೋದ್ಯೋಗಿಯನ್ನು ಕರೆದೆ.

“ಮೇಡಂ, ಆರನೇ ಚೌಕದಲ್ಲಿ ಏನಿದೆ ಹೇಳಿ.”

“ಹುಡುಗಿ ಮಾರಿ ಐತ್ರಿ.”

“ಮಾರಿ ಮೇಲೆ?”

“ಮಾರಿ ಮ್ಯಾಲೆ ಏನ್ರಿ, ದೃಷ್ಟಿಬೊಟ್ಟು...” ಎಂದವರು ಅಲ್ಲೇ ನಿಂತರು. ಕೈ ಬಾಯಿಗೆ ಹೋಯಿತು. “ಅಯ್ಯ, ಶಿವನ! ಬರದಿಲ್ಲೇನ್ರಿ ನೀವು?”

“ನಾನು ಬರೆದಿಲ್ಲ. ನೀವು ಸಹಿ ಹಾಕಿದ್ದೀರಿ.”

“ನೇರಳಾತೀತದಾಗೂ ಚಲೋತ್ನ್ಯಾಗ ಕಂಡಿತ್ತರಿ. ಕೂಸಿಗೆ ಹಚ್ಚ್ಯಾರ ಅಂತ ಮುಂದ ಹ್ವಾದೆ.”

ನಾನೂ ಹಾಗೇ ಮುಂದೆ ಹೋಗಿದ್ದೆ. ನಮ್ಮಿಬ್ಬರ ಬಾಲ್ಯದ ಫೋಟೋಗಳಲ್ಲೂ ಕೆನ್ನೆಯ ಮೇಲೆ ಕಾಡಿಗೆಯ ಬೊಟ್ಟಿದೆ. ನಮ್ಮ ಮಕ್ಕಳಿಗೂ ಇಟ್ಟೇ ಹೊರಗೆ ಕಳಿಸಿದವರು. ಬೊಟ್ಟಿಲ್ಲದ ಮಗುವಿನ ಮುಖವೇ ನಮ್ಮ ಕಣ್ಣಿಗೆ ಅರ್ಧ ಮುಗಿದ ಕೆಲಸದಂತೆ ಕಾಣುತ್ತದೆ. ಟೆಕ್ಸಸ್ ರಾಜ್ಯದಲ್ಲಿ ಆ ಚುಕ್ಕೆಯನ್ನು ನೋಡಿಯೂ ನೋಡದೆ ಬಿಡಬಲ್ಲ ಇಬ್ಬರೇ ಸಂರಕ್ಷಕರು ಒಂದೇ ವರದಿಗೆ ಸಹಿ ಹಾಕಿದ್ದೆವು.

ಸ್ಟುಡಿಯೋದ ಯಜಮಾನತಿಗೆ ಇದನ್ನು ವಿವರಿಸುವುದು ಸುಲಭವಿರಲಿಲ್ಲ. ಅವರು ಪಶ್ಚಿಮ ಟೆಕ್ಸಸ್ಸಿನ ಹತ್ತಿಸೀಮೆಯವರು, ಮಾತು ಕಡಿಮೆ. ದೃಷ್ಟಿ, ನೆಟಿಕೆ, ಕಾಡಿಗೆ ಎಲ್ಲವನ್ನೂ ನಾವಿಬ್ಬರೂ ಸರದಿಯಂತೆ ನಿರೂಪಿಸಿದೆವು. ಅವರು ಕಾಫಿ ಕುಡಿದು ಮುಗಿಸಿ ಕೇಳಿದರು:

“ಅಂದರೆ ನಿಮ್ಮ ಕಡೆ ಮಕ್ಕಳಿಗೆ ಇದು ಸ್ಟ್ಯಾಂಡರ್ಡ್ ಫಿಟಿಂಗು?”

“ಹೌದು.”

“ಸರಿ. ಒಂದು ತಿದ್ದುಪಡಿ ಕಳಿಸಿ. ‘ಬಲಗೆನ್ನೆಯ ಮೇಲೆ ಮಚ್ಚೆ ಇದೆ.’ ಅಜ್ಜಿಗೆ ಹೆಸರು ಸಿಗತ್ತೆ, ಮ್ಯೂಸಿಯಮ್ಮಿಗೆ ಪುರಾವೆ ಸಿಗತ್ತೆ, ನಮಗೆ ಮರ್ಯಾದೆ ಉಳಿಯತ್ತೆ.”

ಕುಳಿತು ಬರೆಯತೊಡಗಿದೆ. ‘ಬಲಗೆನ್ನೆಯ ಮೇಲೆ’ ಎನ್ನುವವರೆಗೆ ಸರಾಗವಾಗಿ ಬಂತು. ಮುಂದಿನ ಪದಕ್ಕೆ ಕೈ ನಿಂತಿತು. ಮಚ್ಚೆ ಎಂದು ನನಗೆ ಹೇಗೆ ಗೊತ್ತು? ಮೊದಲ ಸಲ ಪರೀಕ್ಷಿಸದೆ ಅದನ್ನು ದೃಷ್ಟಿಬೊಟ್ಟು ಅಂದುಕೊಂಡಿದ್ದೆ. ಎರಡನೆಯ ಸಲ ಪರೀಕ್ಷಿಸದೆ ಮಚ್ಚೆ ಅನ್ನುವವನಿದ್ದೆ. ಒಮ್ಮೆ ಮಾಡಿದರೆ ತಪ್ಪು, ಎರಡನೆಯದು ಕಸುಬಿಗೇ ಅವಮಾನ. ಆ ಪದ ಬರೆದಿದ್ದರೆ ಎಲ್ಲರಿಗೂ ಸುಖವಾಗುತ್ತಿತ್ತು. ಒಡತಿಗೆ ಬೇಕಾದ ಹೆಸರು ಆ ವಾರವೇ ಗೋಡೆಯ ಮೇಲೆ ಇರುತ್ತಿತ್ತು. ಕಾಗದ ಪಕ್ಕಕ್ಕಿಟ್ಟು ಯಜಮಾನತಿಯ ಬಳಿ ಎರಡು ದಿನದ ಕಾಲಾವಕಾಶ ಕೇಳಿದೆ. ಅವರು ನಿಟ್ಟುಸಿರು ಬಿಟ್ಟರು. ಅವರ ಭಾಷೆಯಲ್ಲಿ ಅದು ಒಪ್ಪಿಗೆ.

ಚಿತ್ರವನ್ನು ಸೂಕ್ಷ್ಮದರ್ಶಕದ ಕೆಳಗೆ ಮಲಗಿಸಿದೆವು. ಹಳೆಯ ತೈಲಬಣ್ಣ ಒಣಗಿ ಹತ್ತಾರು ವರ್ಷ ಕಳೆದ ಮೇಲೆ ಕೆರೆಯಂಗಳದಂತೆ ಬಿರುಕು ಬಿಡುತ್ತದೆ. ಚುಕ್ಕೆಯೂ ಮೂಲ ಚಿತ್ರದ ಕಾಲದ್ದೇ ಆಗಿದ್ದರೆ ಕೆನ್ನೆಯ ಬಿರುಕುಗಳು ಚುಕ್ಕೆಯನ್ನೂ ಸೀಳಿಕೊಂಡು ಹೋಗಿರಬೇಕು. ಆಮೇಲೆ ಯಾರಾದರೂ ಇಟ್ಟಿದ್ದರೆ, ಹಸಿ ಬಣ್ಣ ಬಿರುಕಿನೊಳಗೆ ಇಳಿದು ತುಂಬಿಕೊಂಡಿರಬೇಕು. ನೋಡಬೇಕಾದದ್ದು ಇಷ್ಟೇ.

ನಾನು ನೋಡಿ, ಸರಿದು ಸಹೋದ್ಯೋಗಿಗೆ ಕುರ್ಚಿ ಬಿಟ್ಟುಕೊಟ್ಟೆ. ಅವರು ನೋಡಿದರು. ಬಹಳ ಹೊತ್ತು ನೋಡಿದರು.

“ಇಳದೈತ್ರಿ,” ಅಂದರು ಮೆಲ್ಲಗೆ. “ಮೂರೂ ಬಿರುಕಿನ್ಯಾಗ ಕರಿ ಇಳದೈತಿ.”

ಮುಗಿದ ಚಿತ್ರದ ಮೇಲೆ ಬಳಿಯುವ ಹಳೆಯ ವಾರ್ನಿಷಿನ ಪದರವೂ ಚುಕ್ಕೆಯ ಅಡಿಯಲ್ಲೇ ಇತ್ತು. ಕೆಳಗೆ ಯಾವ ಗಾಯವನ್ನು ಮುಚ್ಚಿದ್ದಾರೋ ಎಂದು ಅವರು ಬಣ್ಣದ ಅಡಿಯಲ್ಲಿರುವುದನ್ನು ತೋರಿಸುವ ಅವಗೆಂಪು ಕ್ಯಾಮೆರಾದಲ್ಲಿ ಚಿತ್ರ ತೆಗೆದರು. ಗಾಯ ಇರಲಿಲ್ಲ. ಸುಸ್ಥಿತಿಯಲ್ಲಿದ್ದ ಕೆನ್ನೆಯ ಮೇಲೆ, ಚಿತ್ರ ಬರೆದು ಎಷ್ಟೋ ದಶಕಗಳಾದ ಮೇಲೆ, ಯಾರೋ ಬೇಕೆಂದೇ ಒಂದು ಚುಕ್ಕೆ ಇಟ್ಟಿದ್ದರು. ದ್ರಾವಕ ತೋಯಿಸಿದ ಹತ್ತಿಯ ಮೊನೆಯನ್ನು ಅಂಚಿಗೆ ಮುಟ್ಟಿಸಿದೆ, ಹತ್ತಿ ಕಪ್ಪಾಯಿತು. ಹತ್ತು ನಿಮಿಷದ ಕೆಲಸ, ಪೂರಾ ಹೋಗಿಬಿಡುತ್ತದೆ. ತಕ್ಷಣ ಕೈ ಹಿಂದೆಗೆದೆ.

ಅಂದರೆ ಒಡತಿಯ ಮುಖ್ಯ ಪುರಾವೆ ಸುಳ್ಳಾಗಿತ್ತು. ಯಾಕೆ ಇಟ್ಟರು, ಯಾರು ಇಟ್ಟರು ಎಂಬ ಕುತೂಹಲ ನನ್ನನ್ನು ಲಿಟಲ್ ಎಲ್ಮ್‌ನ ಮನೆಯವರೆಗೂ ಹಿಂಬಾಲಿಸಿ ಬಂದು ಊಟಕ್ಕೂ ಕೂತಿತು. ಬೆಳಿಗ್ಗೆ ಸಹೋದ್ಯೋಗಿ ಕೇಳಿದರು:

“ಆ ಅಜ್ಜಿಗೆ ಹೆಂಗ ಹೇಳ್ತೀರಿ? ಇಮೇಲ್ ಮಾಡ್ತೀರೇನು?”

“ಮುತ್ತಜ್ಜೀನ ಕಿತ್ಕೊಳ್ಳೋ ವಿಷಯ ಇಮೇಲಲ್ಲಿ ಹೇಳಕ್ಕಾಗತ್ತಾ? ಡ್ರೈವ್ ಮಾಡ್ಕೊಂಡು ಹೋಗ್ತೀನಿ.”

“ಹಂಗಾರ ನಾನೂ ಬರ್ತೀನ್ರಿ. ಸಹಿ ನಂದೂ ಐತಿ. ಮತ್ತ ನೀವು ಡ್ರೈವ್ ಮಾಡಿದ್ರ ನಾಳೆ ಮುಟ್ಟತೀವಿ.”

ಡಲ್ಲಾಸಿನಿಂದ ಹ್ಯೂಸ್ಟನ್ನಿಗೆ ನಾಲ್ಕು ಗಂಟೆಯ ನೇರ ದಾರಿ. ಕ್ಲಿಯರ್ ಲೇಕ್ ಇನ್ನೂ ಅರ್ಧ ಗಂಟೆ ಆಚೆ. ಅವರು ಟ್ರಕ್ಕುಗಳನ್ನು ವೈಯಕ್ತಿಕ ಶತ್ರುಗಳಂತೆ ಹಿಂದಿಕ್ಕುತ್ತ ಓಡಿಸಿದರು. ನಡುವೆ ಒಂದು ಪೆಟ್ರೋಲ್ ಬಂಕಿನ ನೆರಳಲ್ಲಿ ಅವರು ತಂದಿದ್ದ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ನಾನು ಹೇಳಬೇಕಾದ ಮಾತನ್ನು ಅಭ್ಯಾಸ ಮಾಡುತ್ತಿದ್ದೆ. “‘ವಿಷಾದದಿಂದ ತಿಳಿಸುವುದೇನೆಂದರೆ’ ಅಂತ ಶುರು ಮಾಡಬ್ಯಾಡ್ರಿ,” ಎಂದು ಅವರು ರೊಟ್ಟಿ ಮುರಿಯುತ್ತ ಹೇಳಿದರು. “ಟೆಲಿಕಾಂ ಕಂಪನ್ಯಾಗ ನನ್ನ ತಗದಾಗ ಹಂಗ ಶುರು ಮಾಡಿದ್ರು.”

ಒಡತಿ ಬಾಗಿಲಲ್ಲೇ ನಿಂತು ನಮ್ಮನ್ನು ಮೇಲಿಂದ ಕೆಳಗೆ ಅಳೆದರು. ಬೆಳ್ಳಿಕೂದಲು, ನೇರ ಬೆನ್ನು.

“ನನ್ನ ಮುತ್ತಜ್ಜಿಯ ಕೆನ್ನೆ ತೊಳೆದುಬಿಟ್ಟವರು ನೀವೇ ಏನು?”

ಅವರ ಇಂಗ್ಲಿಷನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೂಲದ ಖಾರ ಇದಕ್ಕಿಂತ ಒಂದು ಹಿಡಿ ಹೆಚ್ಚು.

ದೃಷ್ಟಿಬೊಟ್ಟಿನ ಕತೆಯಿಂದಲೇ ಶುರು ಮಾಡಿದೆ, ಯಾಕೆಂದರೆ ಅದರಲ್ಲಿ ತಪ್ಪು ನನ್ನದು. ಅವರು ನಗಲಿಲ್ಲ, ಆದರೆ ಕೂರಲು ಹೇಳಿದರು. ಆಮೇಲೆ ಸೂಕ್ಷ್ಮದರ್ಶಕದ ಚಿತ್ರಗಳನ್ನು ಮೇಜಿನ ಮೇಲೆ ಹರಡಿದೆ. ಬಿರುಕಿನೊಳಗೆ ಇಳಿದ ಕಪ್ಪು ಅಂದರೆ ಏನರ್ಥ ಎಂದು ನಾನು ಹೇಳುವ ಮೊದಲೇ ಅವರು ಹೇಳಿದರು:

“ಇದು ಆಮೇಲೆ ಇಟ್ಟಿದ್ದು.”

“ಹೌದು.”

“ಆದರೆ ಅವಳಿಗೆ ಮಚ್ಚೆ ಇದ್ದದ್ದು ನಿಜ. ನೋಡಿ.”

ಒಳಗಿನಿಂದ ಒಂದು ಪುಟ್ಟ ಪೆಟ್ಟಿಗೆ ತಂದರು. ಅದರಲ್ಲಿ ತೆಳು ಕಬ್ಬಿಣದ ತಗಡಿನ ಮೇಲೆ ಮೂಡಿಸಿದ ಹಳೆಯ ಕಾಲದ ಫೋಟೋ. ಯುವತಿ, ಕುರ್ಚಿಯ ಮೇಲೆ ಕೈಯೂರಿ ನಿಂತಿದ್ದಾಳೆ. ಬಲಗೆನ್ನೆಯ ಮೇಲೆ ಸ್ಪಷ್ಟವಾಗಿ ಮಚ್ಚೆ. ಚಿತ್ರದಲ್ಲಿರುವ ಜಾಗದಲ್ಲೇ.

ನನ್ನ ಸಹೋದ್ಯೋಗಿ ಮೊಣಕೈಯಿಂದ ತಿವಿದರು. “ಉಂಗುರ ನೋಡ್ರಿ,” ಎಂದರು ಕನ್ನಡದಲ್ಲಿ. ಮದುವೆಯುಂಗುರ ಬಲಗೈಯಲ್ಲಿತ್ತು. ಈ ದೇಶದಲ್ಲಿ ಅದು ಎಡಗೈಗೆ ಹಾಕುವ ವಸ್ತು.

ತಗಡಿನ ಫೋಟೋಗಳಿಗೆ ನೆಗೆಟಿವ್ ಎಂಬುದಿಲ್ಲ. ಕ್ಯಾಮೆರಾದೊಳಗಿನ ಬಿಂಬ ನೇರ ತಗಡಿನ ಮೇಲೇ ನಿಲ್ಲುವುದರಿಂದ ಅದು ಕನ್ನಡಿಯ ಬಿಂಬದಂತೆ ಎಡಬಲ ಅದಲುಬದಲಾಗಿರುತ್ತದೆ. ಇದನ್ನು ಹೇಳಿದಾಗ ಒಡತಿ ತಗಡನ್ನು ಕೈಗೆತ್ತಿಕೊಂಡು ಸೀದಾ ಬಾತ್‌ರೂಮಿಗೆ ಹೋದರು. ನಾವೂ ಹಿಂದೆಯೇ ಹೋದೆವು. ಮೂವರು ವಯಸ್ಕರು ಇಕ್ಕಟ್ಟಾದ ಬಾತ್‌ರೂಮಿನಲ್ಲಿ, ಟೂತ್‌ಪೇಸ್ಟು ಸೋಪುಗಳ ಸಮಕ್ಷಮದಲ್ಲಿ, ಕನ್ನಡಿಗೆ ತಗಡನ್ನು ಹಿಡಿದು ನಿಂತೆವು. ಕನ್ನಡಿಯಲ್ಲಿ ಉಂಗುರ ಎಡಗೈಗೆ ಬಂತು. ಮಚ್ಚೆಯೂ ಎಡಗೆನ್ನೆಗೆ ಹೋಯಿತು.

“ಅವಳ ನಿಜವಾದ ಮಚ್ಚೆ ಎಡಗೆನ್ನೆಯದು,” ಎಂದರು ಒಡತಿ. “ಈ ಫೋಟೋ ನೋಡಿಕೊಂಡು ಯಾರೋ ಚಿತ್ರದ ಬಲಗೆನ್ನೆಗೆ ಇಟ್ಟಿದ್ದಾರೆ. ಅವಳ ಮುಖವನ್ನ ಕಣ್ಣಾರೆ ನೋಡಿದ್ದವರು ಈ ತಪ್ಪು ಮಾಡೋದಿಲ್ಲ.”

ಅವರು ಕಮೋಡಿನ ಮುಚ್ಚಳ ಹಾಕಿ ಅದರ ಮೇಲೆ ಕೂತುಬಿಟ್ಟರು.

“ನನ್ನ ಅಜ್ಜಿ,” ಅಂದರು. “ಅಬಿಗೇಲಳ ಮಗಳು. ಪಿಂಗಾಣಿ ತಟ್ಟೆಗಳ ಮೇಲೆ ಹೂವು ಬರೆಯುತ್ತಿದ್ದಳು. ಅವಳಿಗೆ ತಿಳಿವಳಿಕೆ ಬರುವ ಮೊದಲೇ ತಾಯಿ ತೀರಿಕೊಂಡಿದ್ದಳು. ಅವಳಿಗೆ ಅಮ್ಮ ಅಂದರೆ ಈ ತಗಡೊಂದೇ.”

ಅವಳೇ ಬಣ್ಣದ ಪೆಟ್ಟಿಗೆ ತೆಗೆದು ಚಿತ್ರದ ಮುಂದೆ ನಿಂತಳೇ? ನನ್ನ ವಿದ್ಯೆ ಅಷ್ಟು ದೂರ ಹೋಗುವುದಿಲ್ಲ. ವರದಿಯಲ್ಲಿ ‘ಅಪರಿಚಿತ ಹಸ್ತ’ ಎಂದೇ ಬರೆದಿದ್ದೇನೆ.

“ಹಾಗಾದರೆ ಈ ಮಗು ಯಾರು?” ಎಂದರು ಒಡತಿ. ಅವರು ಕೇಳಿದ ರೀತಿಯಲ್ಲಿ ದುಃಖಕ್ಕಿಂತ ಹೆಚ್ಚಾಗಿ, ನಿಂತುಹೋದ ಯಂತ್ರದ ಮುಂದೆ ಕೂತ ಇಂಜಿನಿಯರರ ಛಲವಿತ್ತು.

ಮನೆತನದ ಕಾಗದವೇನಾದರೂ ಇದೆಯೇ ಎಂದು ಕೇಳಿದೆ. ದಪ್ಪನೆಯ ಬೈಬಲ್ ಬಂತು. ಹಳೆಯ ಕುಟುಂಬಗಳು ಅದರ ನಡುವಿನ ಹಾಳೆಗಳಲ್ಲಿ ಜನನ ಮರಣಗಳನ್ನು ಬರೆದಿಡುತ್ತಿದ್ದವು. ಅವರು ಪುಟ ತೆರೆದು ಬೆರಳಿಟ್ಟರು. “ಇಲ್ಲಿ ಅಬಿಗೇಲ್. ಮೇಲಿನ ಸಾಲಲ್ಲೂ ಒಂದು ಅಬಿಗೇಲ್ ಇದೆ, ತಾರೀಖು ಮಾಸಿಹೋಗಿದೆ, ಅದು ಬರೆದವರ ತಪ್ಪು. ಒಂದೇ ನಮೂದು ಎರಡು ಸಲ ಬಿದ್ದಿದೆ.”

“ತಪ್ಪು ಅಂತ ಯಾರು ಹೇಳಿದರು?”

“ಯಾರೂ ಹೇಳಲಿಲ್ಲ. ನಾನೇ ತೀರ್ಮಾನಿಸಿದೆ. ಒಂದೇ ಮನೆಯಲ್ಲಿ ಇಬ್ಬರು ಮಕ್ಕಳಿಗೆ ಒಂದೇ ಹೆಸರು ಯಾರು ಇಡ್ತಾರೆ?”

ಇಡುತ್ತಿದ್ದರು. ಆ ಕಾಲದಲ್ಲಿ ಈ ದೇಶದಲ್ಲಿ ಅದು ಸಾಮಾನ್ಯ ರೂಢಿ. ಒಂದು ಮಗು ಹೋದರೆ ಮುಂದೆ ಹುಟ್ಟಿದ್ದಕ್ಕೆ ಅದೇ ಹೆಸರು. ಈ ಚಿತ್ರಗಳ ಜೊತೆ ಕೆಲಸ ಮಾಡುವವರಿಗೆ ಇದು ಮೊದಲ ಪಾಠ. ಪುಟದ ಹಿಂಬದಿ ತಿರುಗಿಸಿದೆವು. ಮರಣಗಳ ಪಟ್ಟಿಯ ಮೊದಲ ಸಾಲೇ ಅಬಿಗೇಲ್. ಮೂರು ವರ್ಷ. ತಂಗಿ ಹುಟ್ಟುವ ಮೊದಲೇ.

ಒಡತಿ ನಾನು ತಂದಿದ್ದ ದೊಡ್ಡ ಫೋಟೋವನ್ನು ತಮ್ಮತ್ತ ಎಳೆದುಕೊಂಡರು.

“ಈ ಬೂಟು,” ಎಂದರು. “ಮುತ್ತಜ್ಜಿ ಬಲು ತುಂಟಿ, ಕಲಾವಿದ ಚಿತ್ರ ಬರೆಯೋವಾಗ ಬೂಟು ಕಿತ್ತುಬಿಟ್ಟಳು ಅಂತ ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ನಿಮ್ಮ ಕಸುಬಿನವರು ಏನಂತಾರೆ?”

ನಾನು ಸಹೋದ್ಯೋಗಿಯ ಮುಖ ನೋಡಿದೆ. ಅವರು ಕಿಟಕಿಯ ಆಚೆ ನೋಡುತ್ತಿದ್ದರು. ಹೇಳಲೇಬೇಕಾಯಿತು. ಒಂದು ಕಾಲಿನ ಬೂಟು ಕಳಚಿದ ಮಗು ಅಂದರೆ ಎಷ್ಟೋ ಸಲ, ಖಂಡಿತವಾಗಿ ಎಲ್ಲ ಸಲವೂ ಅಲ್ಲ, ಆ ಮಗು ತೀರಿಕೊಂಡ ಮೇಲೆ ತಂದೆತಾಯಿ ಬರೆಸಿಕೊಂಡ ಚಿತ್ರ. ಕಲಾವಿದನನ್ನು ಮನೆಗೆ ಕರೆಸಿ, ಫ್ರಾಕು ತೋರಿಸಿ, ಹೀಗಿದ್ದಳು, ಹೀಗೆ ನೋಡುತ್ತಿದ್ದಳು ಎಂದು ಹೇಳಿ ಬರೆಸಿದ್ದು.

ಅವರು ಆ ಕಾಲುಚೀಲದ ಪಾದದ ಮೇಲೆ ಬೆರಳಿಟ್ಟುಕೊಂಡು ಕೂತರು. ಕೊನೆಗೆ ಕೇಳಿದರು: “ಆ ಮಚ್ಚೆ ತೆಗೆಯೋಕೆ ಎಷ್ಟು ಹೊತ್ತು?”

“ಹತ್ತು ನಿಮಿಷ.”

“ತಿರುಗಿ ಇಡೋಕೆ?”

“ಇನ್ನೊಂದು ಇಡಬಹುದು. ಅದನ್ನೇ ಇಡೋಕಾಗಲ್ಲ.”

“ನೀವು ಏನು ಮಾಡ್ತೀರಿ?”

ಕಸುಬಿನ ನಿಯಮದ ಪ್ರಕಾರ ವಾದಕ್ಕೆ ಎರಡೂ ಕಡೆ ಜಾಗವಿದೆ. ಮೂಲ ಕಲಾವಿದನದ್ದಲ್ಲದ್ದನ್ನು ತೆಗೆಯಬಹುದು. ಚಿತ್ರದ ಚರಿತ್ರೆಯಾಗಿ ಹೋದದ್ದನ್ನು ಉಳಿಸಬಹುದು. ನಾನು ಎರಡನ್ನೂ ಸವಿಸ್ತಾರವಾಗಿ ಮಂಡಿಸತೊಡಗಿದೆ. ಸಹೋದ್ಯೋಗಿ ನನ್ನ ಮಾತು ತಡೆದು, ಇಂಗ್ಲಿಷಿನಲ್ಲಿ ನೇರವಾಗಿ ಒಡತಿಗೆ ಹೇಳಿದರು: “ಅಕ್ಕ ತನ್ನ ಹೆಸರನ್ನ ತಂಗಿಗೆ ಕೊಟ್ಟು ಹೋದಳು. ತಂಗಿಯ ಮಗಳು ಅಮ್ಮನ ಮಚ್ಚೇನ ಅಕ್ಕನಿಗೆ ಇಟ್ಟಳು. ಒಬ್ಬರನ್ನೊಬ್ಬರು ನೋಡಿದವರಲ್ಲ. ಅದನ್ನ ತೆಗೆಯೋದು ನನ್ನ ಕೈಲಿ ಆಗಲ್ಲ.”

ಒಡತಿ ಬೈಬಲ್ ಮುಚ್ಚಿದರು. “ಇರಲಿ ಹಾಗಾದರೆ.”

ಹೊಸ ವರದಿ ಹದಿನಾಲ್ಕು ಪುಟವಾಯಿತು. ಅದರಲ್ಲಿ ಎರಡೂವರೆ ಪುಟ ಬಲಗೆನ್ನೆಯೇ. ಹಳೆಯ ವರದಿಯ ತಪ್ಪನ್ನು ಕಾರಣಸಮೇತ ಒಪ್ಪಿಕೊಂಡೆ. ಮಗು ಯಾರೆಂಬುದಕ್ಕೆ ಬೈಬಲ್ಲಿನ ಪುಟ, ಬೂಟು, ಎಲ್ಲವನ್ನೂ ಇಟ್ಟು, ಇದು ಮೊದಲ ಅಬಿಗೇಲ್ ಎಂಬುದು ಖಚಿತವಲ್ಲ, ಆದರೆ ಬಹುತೇಕ ಹೌದು ಎಂದು ಬರೆದೆ. ಯಜಮಾನತಿ ಓದಿ, “ನೆಟಿಕೆ ಮುರಿಯೋದರ ಬಗ್ಗೆ ಅಡಿಟಿಪ್ಪಣಿ ಬೇಕಿತ್ತಾ?” ಎಂದು ಮಾತ್ರ ಕೇಳಿದರು. ಬೇಕಿತ್ತು ಎಂದೆ.

ಎರಡು ತಿಂಗಳ ನಂತರ ಆಸ್ಟಿನ್ನಿನಲ್ಲಿ ಚಿತ್ರವನ್ನು ಗೋಡೆಗೇರಿಸಿದರು. ನಾನೂ ಸಹೋದ್ಯೋಗಿಯೂ ಹೋದಾಗ ಗ್ಯಾಲರಿ ತೆರೆಯಲು ಇನ್ನೂ ಸಮಯವಿತ್ತು. ಒಡತಿ ಹ್ಯೂಸ್ಟನ್ನಿನಿಂದ ತಾವೇ ಕಾರು ಓಡಿಸಿಕೊಂಡು ಬಂದಿದ್ದರು. ಕ್ಯುರೇಟರ್ ಚೀಟಿಯ ಕರಡನ್ನು ಅವರ ಕೈಗಿಟ್ಟರು. ಮೇಲೆ ‘ಅಬಿಗೇಲ್’ ಎಂದಿತ್ತು. ಕೆಳಗೆ ‘ದಾನಿಯ ಮುತ್ತಜ್ಜಿಯ ಅಕ್ಕ’.

ಒಡತಿ ಪೆನ್ಸಿಲ್ ಕೇಳಿ ಪಡೆದು ಎರಡನೆಯ ಸಾಲನ್ನು ಹೊಡೆದುಹಾಕಿದರು.

“ತಪ್ಪಾಯ್ತಾ?” ಎಂದರು ಕ್ಯುರೇಟರ್ ಗಾಬರಿಯಿಂದ.

“ತಪ್ಪಿಲ್ಲ. ಆದರೆ ಅವಳಿಗೆ ಮೂರೇ ವರ್ಷ. ತಂಗೀನೇ ನೋಡಲಿಲ್ಲ, ನಾನಂತೂ ಬಹಳ ದೂರ. ನಮ್ಮ ಹೆಸರಿನ ಆಸರೆ ಅವಳಿಗೆ ಬೇಡ. ಅವಳದ್ದು ಅವಳಿಗೆ ಸಾಕು.”

ಕ್ಯುರೇಟರ್ ಹೋಗಿ ಹೊಸ ಚೀಟಿ ಮುದ್ರಿಸಿ ತಂದು ಅಂಟಿಸಿದರು. ಬಿಳಿ ಚೀಟಿ, ಒಂದೇ ಪದ. ನಾವು ಮೂವರೂ ಅದನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಓದಿದೆವು. ಅಷ್ಟರಲ್ಲಿ ಗ್ಯಾಲರಿಯ ಕಾವಲುಗಾರ, ಬಾಗಿಲಿನಷ್ಟು ಅಗಲದ ಮನುಷ್ಯ, ಬೆಳಗಿನ ಸುತ್ತು ಹಾಕುತ್ತ ಬಂದ. ಹೊಸ ಚಿತ್ರ ಕಂಡು ನಿಂತ. ಸೊಂಟಕ್ಕೆ ಕೈಕೊಟ್ಟು ಬಾಗಿ ಚೀಟಿ ಓದಿದ.

“ಹೌಡಿ, ಅಬಿಗೇಲ್,” ಎಂದು ಟೆಕ್ಸಸ್ಸಿನ ವಾಡಿಕೆಯಂತೆ ಕುಶಲ ಕೇಳಿ, ಟೋಪಿಯ ಅಂಚು ಮುಟ್ಟಿ ಮುಂದಿನ ಕೋಣೆಗೆ ಹೋದ.

ಒಡತಿ ಕೈಚೀಲ ಹೆಗಲಿಗೇರಿಸಿದರು. “ಸರಿ,” ಎಂದರು. “ಇನ್ನು ಹೊರಡೋಣ.”